ಎಲ್ಲರಿಗೂ ಒಂದೇ ಸೀಟು

ಹಾರ್ಲೋ ಮಿಲ್ಸ್ ಅಮೆರಿಕದ ವರ್ಮಾಂಟಿನ ಒಂದು ಪುಟ್ಟ ಊರು. ಅಲ್ಲಿ ಹಿಮ ತಳ್ಳುವ ಲಾರಿ ಓಡಿಸುವ ಕೆಲಸ ಮೊದಲಿನಿಂದಲೂ ಗೋಕಿ ಮನೆತನದ್ದು. ಅಜ್ಜ ಓಡಿಸಿದ, ಆಮೇಲೆ ಮಗ ಅರ್ಲ್ ಮೂವತ್ತೊಂದು ಚಳಿಗಾಲ ಓಡಿಸಿದ. ಅರ್ಲನ ಮಂಡಿ ಕೈಕೊಟ್ಟಾಗ, ಇನ್ನು ಅವನ ಮಗ ಡ್ವೈಟ್ ಹತ್ತಿ ಕೂರುತ್ತಾನೆ ಎಂದು ಊರೆಲ್ಲ ಅಂದುಕೊಂಡಿತು.

ಊರ ಸಮಿತಿಯ ಅಧ್ಯಕ್ಷ ಆರಿನ್ ಸ್ಟ್ಯಾನರ್ಡ್ ಮಾತ್ರ ಒಪ್ಪಲಿಲ್ಲ. ಅವರು ನಲವತ್ತು ವರ್ಷ ಶಾಲೆಯಲ್ಲಿ ಲೆಕ್ಕ ಕಲಿಸಿದವರು. ಹೆಂಡತಿಯ ಹುಟ್ಟುಹಬ್ಬದ ಕೇಕನ್ನೂ ಸ್ಕೇಲ್ ಇಟ್ಟು ಕತ್ತರಿಸುವ ಮನುಷ್ಯ. ಈ ಕೆಲಸಕ್ಕೆ ಯಾರು ಬೇಕಾದರೂ ಅರ್ಜಿ ಹಾಕಬಹುದು, ಎಲ್ಲರಿಗೂ ಸಮಾನ ಅವಕಾಶ ಎಂದು ಪುರಭವನದ ಬಾಗಿಲಿಗೆ ಚೀಟಿ ಅಂಟಿಸಿದರು.

ಲೋರ್ನಾ ಪೆಲ್ಕಿ ಅದನ್ನು ಎರಡು ಸಲ ಓದಿದಳು. ಅವಳ ಎತ್ತರ ನಾಲ್ಕು ಅಡಿ ಹತ್ತು ಅಂಗುಲ. ಹತ್ತೊಂಬತ್ತು ವರ್ಷದಿಂದ ಶಾಲೆಯ ಬಸ್ಸು ಓಡಿಸುತ್ತಿದ್ದಳು. ಎಂಥ ಜಾರುವ ರಸ್ತೆಯಲ್ಲೂ ಒಂದು ದಿನವೂ ಚಕ್ರ ಚರಂಡಿಗಿಳಿದಿರಲಿಲ್ಲ. ಹಿಮ ಹಾಡು ಹೇಳುವುದಿಲ್ಲ, ಜಗಳ ಆಡುವುದಿಲ್ಲ, ಬೆನ್ನ ಹಿಂದೆ ವಾಂತಿ ಮಾಡುವುದಿಲ್ಲ ಎಂದು ಯೋಚಿಸಿ, ಅಲ್ಲೇ ನಿಂತು ಅರ್ಜಿ ತುಂಬಿದಳು.

ಅರ್ಜಿ ಬಂದದ್ದು ಎರಡೇ. ನವೆಂಬರಿನ ಒಂದು ಶನಿವಾರ, ಮೊದಲ ಹಿಮ ಗೇಣುದ್ದ ಬಿದ್ದು ಇನ್ನೂ ಜೋರಾಗಿ ಸುರಿಯುತ್ತಿದ್ದ ಬೆಳಿಗ್ಗೆ, ಪರೀಕ್ಷೆ. ಅರ್ಧ ಊರು ಕಾಫಿ ಲೋಟ ಹಿಡಿದು ಚರ್ಚಿನ ಮುಂದೆ ಸೇರಿತ್ತು.

"ಇಬ್ಬರಿಗೂ ಅದೇ ಲಾರಿ, ಅದೇ ರಸ್ತೆ," ಎಂದು ಆರಿನ್ ಕಾಗದ ನೋಡಿ ಓದಿದರು. "ಇಲ್ಲಿಂದ ನಮ್ಮ ಮನೆವರೆಗೆ ಹಿಮ ತಳ್ಕೊಂಡು ಹೋಗಿ ವಾಪಸ್ ಬರಬೇಕು. ಬೇಗ ಬಂದವರಿಗೆ ಕೆಲಸ."

ಲೋರ್ನಾ ಹತ್ತಿ ಕುಳಿತಳು. ಗಾಜಿನ ಆಚೆ ಆಕಾಶ ಬಿಟ್ಟು ಏನೂ ಕಾಣಲಿಲ್ಲ. ಕಾಲು ಬ್ರೇಕಿನಿಂದ ಒಂದು ಗೇಣು ಮೇಲೆ ಗಾಳಿಯಲ್ಲಿ ನೇತಾಡುತ್ತಿತ್ತು.

"ಅರ್ಲ್, ಈ ಸೀಟು ಮುಂದಕ್ಕೆ ಬರ್ತಿಲ್ವಲ್ಲ."

"ಹೇಗೆ ಬರುತ್ತೆ? ವೆಲ್ಡಿಂಗ್ ಮಾಡಿದೀನಿ. ಇಳಿಜಾರಲ್ಲಿ ಉಯ್ಯಾಲೆ ಥರ ಆಡ್ತಿತ್ತು."

"ಕಾಲು ಎಟುಕಬೇಡ್ವಾ ಮಾರಾಯ?"

"ನಂದು ಎಟುಕ್ತಿತ್ತಲ್ಲ," ಎಂದ ಅರ್ಲ್. ಅವನ ಎತ್ತರ ಆರು ಅಡಿ ನಾಲ್ಕು ಅಂಗುಲ. ಡ್ವೈಟನದೂ ಅಷ್ಟೇ.

ಲೋರ್ನಾ ಇಳಿದು, ತನ್ನ ಕಾರಿನಿಂದ ಕೋಳಿ ಕಸೂತಿಯ ಎರಡು ದಪ್ಪ ದಿಂಬು ಮತ್ತು ಬೂಟಿಗೆ ಕಟ್ಟಿಕೊಳ್ಳಲು ಎರಡು ಮರದ ತುಂಡು ತಂದಳು. ಆರಿನ್ ಅಡ್ಡ ನಿಂತರು.

"ಇದೇನು?"

"ದಿಂಬು, ಮೇಷ್ಟ್ರೇ."

"ಅದು ಕಾಣ್ತಿದೆ. ಡ್ವೈಟ್‌ಗೆ ಇಲ್ಲದ್ದು ನಿನಗೆ ಹೇಗೆ ಕೊಡೋದು? ಅನ್ಯಾಯ ಆಗಲ್ವಾ?"

"ಆ ಸೀಟು ಅವರಪ್ಪನ ಕುಂಡಿ ಅಳತೆಗೆ ಮಾಡಿದ್ದು. ಅವನಿಗೆ ಹುಟ್ಟಿದಾಗಲೇ ದಿಂಬು ಸಿಕ್ಕಿದೆ, ನಾನು ಮನೆಯಿಂದ ತರಬೇಕಾಯ್ತು. ಅಷ್ಟೇ ವ್ಯತ್ಯಾಸ."

ಜನ ಕಾಫಿ ಚೆಲ್ಲಿಕೊಂಡು ನಕ್ಕರು. ಆರಿನ್ ನಗಲಿಲ್ಲ. ಕಾಗದ ತೆಗೆದು ಒಂದು ಸಾಲು ಸೇರಿಸಿದರು.

"ಸರಿ. ಇಬ್ಬರಿಗೂ ದಿಂಬು. ಇಬ್ಬರಿಗೂ ಮರದ ತುಂಡು."

"ಅವನಿಗ್ಯಾಕೆ? ಆಗಲೇ ದೀಪದ ಕಂಬದ ಥರ ಇದಾನೆ."

"ಸಮಾನ ಅಂದ್ಮೇಲೆ ಸಮಾನ," ಎಂದರು ಆರಿನ್.

ಲೋರ್ನಾ ಹೊರಟಳು. ಅಷ್ಟು ಎತ್ತರದಿಂದ ಊರು ಬೇರೆಯದೇ ಆಗಿ ಕಂಡಿತು. ಬೆನ್ನ ಹಿಂದೆ ಒಂದು ಕೂಗಿಲ್ಲ, ಒಂದು ಅಳುವಿಲ್ಲ. ಆದರೂ ತಿರುವು ಬಂದಾಗ ಅಭ್ಯಾಸಬಲದಿಂದ "ಎಲ್ರೂ ಕೂತ್ಕೊಳ್ಳಿ" ಎಂದಳು. ಮಕ್ಕಳು ಹತ್ತುವ ಮೂಲೆಯಲ್ಲಿ ಅಭ್ಯಾಸಬಲದಿಂದಲೇ ನಿಲ್ಲಿಸಿ ಬಾಗಿಲು ತೆರೆದಳು. ಯಾರದೋ ಕಂದು ನಾಯಿ ಹತ್ತಿ ಕುಳಿತಿತು. ಇಳಿ ಎಂದರೆ ಇಳಿಯಲಿಲ್ಲ. ಅದರ ಜೊತೆ ವಾದಿಸಿ ಒಂದು ನಿಮಿಷ ಹೋಯಿತು. ಕೊನೆಗೆ ನಾಯಿಯ ಸಮೇತ ಹದಿನಾಲ್ಕು ನಿಮಿಷಕ್ಕೆ ವಾಪಸಾದಳು.

ಡ್ವೈಟ್ ದಿಂಬಿನ ಮೇಲೆ ಕುಳಿತ. ತಲೆ ಚಾವಣಿಗೆ ತಗುಲಿ ಕತ್ತು ಭುಜದ ಕಡೆ ವಾಲಿತು. ಮರದ ತುಂಡು ಕಟ್ಟಿದ್ದರಿಂದ ಮಂಡಿ ಎರಡೂ ಕಿವಿಯ ಹತ್ತಿರ ಬಂದವು. ಅಡ್ಡವಾಗಿ ಕಾಣುತ್ತಿದ್ದ ರಸ್ತೆಯಲ್ಲಿ ಲಾರಿಯೂ ಅಡ್ಡಾದಿಡ್ಡಿ ಹೋಯಿತು. ಇಪ್ಪತ್ತೈದು ನಿಮಿಷದ ಮೇಲೆ ಅವನು ಬಂದಾಗ ಲಾರಿಯ ಮುಂದಿನ ಅಲಗಿನಲ್ಲಿ ಹಿಮದ ಜೊತೆ ಒಂದು ಬೇಲಿ, ಯಾರದೋ ಅಂಗಳದ ಗಾರೆಯ ಬಾತುಕೋಳಿ ಬೊಂಬೆ, ಒಂದು ಅಂಚೆ ಡಬ್ಬ ಇದ್ದವು.

"ಅದು ನಮ್ಮನೆ ಡಬ್ಬ," ಎಂದರು ಆರಿನ್.

"ಹೌದು ಮೇಷ್ಟ್ರೇ. ನಿಮ್ಮ ಹೆಸರೇ ಬರೆದಿದೆ," ಎಂದ ಡ್ವೈಟ್, ಕತ್ತು ನೆಟ್ಟಗಾಗದೆ.

ಎಲ್ಲರೂ ಲೋರ್ನಾಳ ಬೆನ್ನು ತಟ್ಟಿದರು. ಅವಳು ಮಾತ್ರ ಆ ಹುಡುಗನ ಕತ್ತನ್ನೇ ನೋಡುತ್ತಿದ್ದಳು.

"ದಿಂಬು ತೆಗೆದು ಅವನು ಇನ್ನೊಂದು ಸಲ ಓಡಿಸ್ಲಿ, ಮೇಷ್ಟ್ರೇ. ನಂಗೆ ಬೇಕಾಗಿತ್ತು ಅಂತ ಅವನ ಕತ್ತು ಮುರಿಯೋದಾ?"

ಡ್ವೈಟ್ ಎರಡನೇ ಸಲ ಹೋದ. ಹದಿಮೂರು ನಿಮಿಷಕ್ಕೆ, ಗೆರೆ ಎಳೆದ ಹಾಗೆ ರಸ್ತೆ ಬಳಿದು ಬಂದ. ಅರ್ಲ್ ಟೋಪಿ ಹಾರಿಸಿದ. ಲೋರ್ನಾ ನಾಯಿಯನ್ನು ಒಮ್ಮೆ ದುರುಗುಟ್ಟಿ ನೋಡಿ, ಡ್ವೈಟನ ಕೈ ಕುಲುಕಲು ಹೋದಳು.

"ಲೋರ್ನಕ್ಕ, ನಂಗೆ ಈ ಕೆಲಸ ಬೇಡ," ಎಂದ ಅವನು. "ಬೆಳಗಿನ ಜಾವ ಮೂರಕ್ಕೆ ಎದ್ದು ಒಬ್ನೇ ಕೂರೋಕೆ ನಂಗೆ ಹೆದ್ರಿಕೆ."

"ಏನೋ ಹಾಗಂದ್ರೆ? ಮೊದ್ಲೇ ಹೇಳೋಕೇನಾಗಿತ್ತು ನಿಂಗೆ?" ಅರ್ಲ್ ಲಾರಿಯ ಮೆಟ್ಟಿಲ ಮೇಲೆ ಕುಸಿದು ಕುಳಿತ.

"ಎಲ್ರಿಗೂ ಅರ್ಜಿ ಹಾಕೋ ಅವಕಾಶ ಇತ್ತಪ್ಪ. ನಂಗೆ ಹಾಕದೇ ಇರೋ ಅವಕಾಶ ಇರ್ಲಿಲ್ಲ. ಅರ್ಜಿ ನೀನೇ ತುಂಬಿ ಕೊಟ್ಟೆ."

ಕೆಲಸ ಲೋರ್ನಾಳ ಪಾಲಾಯಿತು. ಅರ್ಲ್ ಒಂದು ವಾರ ಮಗನ ಜೊತೆ ಮಾತಾಡಲಿಲ್ಲ. ಎಂಟನೇ ದಿನ ಯಾರೂ ಹೇಳದೆಯೇ ಕಟ್ಟರ್ ತಂದು, ಗೊಣಗುತ್ತ ವೆಲ್ಡಿಂಗ್ ಕಿತ್ತು, ಸೀಟನ್ನು ಮುಂದಕ್ಕೂ ಹಿಂದಕ್ಕೂ ಸರಿಯುವಂತೆ ಮಾಡಿಕೊಟ್ಟ. ಎಣ್ಣೆಯನ್ನೂ ಬಿಟ್ಟ.

ಡಿಸೆಂಬರಿನಲ್ಲಿ ಸೊಂಟದುದ್ದ ಹಿಮ ಬಿತ್ತು. ಲೋರ್ನಾ ಲಾರಿ ಹತ್ತುವ ಮೊದಲೇ ಹನ್ನೊಂದು ಜನ ಫೋನ್ ಮಾಡಿ, ತಮ್ಮ ರಸ್ತೆಯನ್ನು ಕೊನೆಗಿಡುವುದು ಅನ್ಯಾಯ ಎಂದು ಬೈದಿದ್ದರು. ಹನ್ನೆರಡನೆಯವರು ಆರಿನ್.

"ಜಗಳನೇ ಬೇಡ ಲೋರ್ನಾ. ರಸ್ತೆಗಳನ್ನ ಎ, ಬಿ, ಸಿ ಅಕ್ಷರದ ಪ್ರಕಾರ ತಗೋ. ಯಾರಿಗೂ ಪಕ್ಷಪಾತ ಆಗಲ್ಲ."

"ಒಳ್ಳೇ ಮಾತು ಮೇಷ್ಟ್ರೇ. ನಿಮ್ಮನೆ ಇರೋದು ಯಾವ ರಸ್ತೇಲಿ?"



"ಆಪಲ್ ಹಿಲ್ ರಸ್ತೆ," ಎಂದರು ಆರಿನ್, ತಗ್ಗಿದ ದನಿಯಲ್ಲಿ.

ಲೋರ್ನಾ ಫೋನಿಟ್ಟು, ಲಾರಿ ಹತ್ತಿ, ಸೀಟನ್ನು ಒಂದು ಗೇಣು ಮುಂದಕ್ಕೆಳೆದುಕೊಂಡು, ತುಂಬು ಬಸುರಿ ಇದ್ದ ಮನೆಯ ರಸ್ತೆಯಿಂದ ಕೆಲಸ ಶುರು ಮಾಡಿದಳು.