ಒದ್ದೆ ಸ್ಪಂಜಿನ ಕರೆಂಟು

ಮೋಟರ್ ರಿಪೇರಿ ಅಂಗಡಿಯ ಮಗಳಿಗೆ ಯಾರನ್ನೂ ಸುಲಭವಾಗಿ ನಂಬಿ ಅಭ್ಯಾಸವಿರಲಿಲ್ಲ. ಮೇನ್ ಸ್ವಿಚ್ ಆರಿಸಿದ್ದೇನೆ ಎಂದು ಅಪ್ಪ ಆಣೆ ಮಾಡಿ ಹೇಳಿದರೂ ತಂತಿಗೆ ಒಮ್ಮೆ ಟೆಸ್ಟರ್ ತಾಗಿಸದೆ ಕೈ ಹಾಕುವವಳಲ್ಲ. ಅದಕ್ಕೇ ಅಪ್ಪ ಅವಳನ್ನು ಟೆಸ್ಟರ್ ಎಂದೇ ಕರೆಯುತ್ತಿದ್ದ. ಈಗ ಆ ಹೆಸರೂ ಅವನ ಬಾಯಿಗೆ ಬರುತ್ತಿರಲಿಲ್ಲ. ಆರು ತಿಂಗಳ ಹಿಂದೆ ಪಾರ್ಶ್ವವಾಯು ಹೊಡೆದು ಬಲಗೈ ಸೋತಿತ್ತು, ಮಾತು ಬಿದ್ದುಹೋಗಿತ್ತು. ನೀರು ಬೇಕಾದರೂ "ಚಮಚ", ಸಿಟ್ಟು ಬಂದರೂ "ಚಮಚ".

ಆಸ್ಪತ್ರೆಯ ಪ್ರಯೋಗಕ್ಕೆ ಅವನನ್ನು ಸೇರಿಸಿದ್ದು ಅವಳೇ. ಉಪ್ಪುನೀರಲ್ಲಿ ನೆನೆಸಿದ ಎರಡು ಸ್ಪಂಜುಗಳನ್ನು ತಲೆಗೆ ಪಟ್ಟಿ ಕಟ್ಟಿ ಬಿಗಿದು ಇಪ್ಪತ್ತು ನಿಮಿಷ ಸಣ್ಣ ಕರೆಂಟು ಹರಿಸುತ್ತಾರೆ. ಅದರ ಜೊತೆಗೇ ಮಾತಿನ ಟೀಚರು ಚಿತ್ರದ ಕಾರ್ಡು ತೋರಿಸಿ ಹೆಸರು ಹೇಳಿಸುತ್ತಾಳೆ. ಅರ್ಧ ಜನರಿಗೆ ನಿಜವಾದ ಕರೆಂಟು, ಉಳಿದವರಿಗೆ ಬರೀ ತೋರಿಕೆಯದು. ಯಾರಿಗೆ ಯಾವುದೆಂದು ಟೀಚರಿಗೂ ಡಾಕ್ಟರಿಗೂ ಗೊತ್ತಿರುವುದಿಲ್ಲ. ಗೊತ್ತಾಯಿತೋ, ಆ ರೋಗಿ ಪ್ರಯೋಗದಿಂದ ಹೊರಗೆ, ಪಾಠವೂ ಬಂದ್. ಇದನ್ನೆಲ್ಲ ಡಾಕ್ಟರು ಬಿಡಿಸಿ ಹೇಳಿಯೇ ಅಪ್ಪನ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡು ಅವಳ ಸಹಿ ಪಡೆದಿದ್ದರು. ತೋರಿಕೆಯದು ಬೇರೆಯವರ ಪಾಲಿಗೆ ಎಂದುಕೊಂಡೇ ಅವಳು ಸಹಿ ಹಾಕಿದ್ದಳು.

ಎರಡನೇ ವಾರಕ್ಕೆ ಅನುಮಾನ ತಲೆ ಹೊಕ್ಕಿತು. ಪಕ್ಕದ ಕೋಣೆಯ ಬಸ್ ಕಂಡಕ್ಟರ್ ಹೊರಬಂದಾಗ ಅವನ ಹಣೆ ಕೆಂಪಗಿರುತ್ತಿತ್ತು. ಅಪ್ಪನದು ತೊಳೆದಿಟ್ಟ ತಟ್ಟೆಯ ಹಾಗೆ. ಕಂಡಕ್ಟರ್ ಆಗಲೇ ನರ್ಸುಗಳಿಗೆ "ಮುಂದೆ ಹೋಗಿ, ಮುಂದೆ ಹೋಗಿ" ಅನ್ನತೊಡಗಿದ್ದ. ಅಪ್ಪನ ಬಾಯಿಗೆ ಪಾಠದಲ್ಲಿ ಕಾದು ಕೂತರೆ ಒಂದೊಂದು ಬಿಡಿ ಶಬ್ದ ಬರುತ್ತಿತ್ತು, ಅಷ್ಟೇ. ಟೀಚರನ್ನು ಕೇಳಿದರೆ, ಒಬ್ಬೊಬ್ಬರ ಚರ್ಮ ಒಂದೊಂದು ಥರ, ಜುಮುಜುಮು ಎಲ್ಲರಿಗೂ ಸ್ವಲ್ಪ ಹೊತ್ತಿಗೆ ಇಳಿದುಹೋಗುತ್ತದೆ ಎಂದಳು. ಉತ್ತರ ಇಷ್ಟು ನುಣ್ಣಗಿದ್ದದ್ದೇ ಮಗಳಿಗೆ ಸರಿಬರಲಿಲ್ಲ.

ಮೂರನೇ ವಾರ ಅವಳು ಚೀಲದಲ್ಲಿ ಅಂಗಡಿಯ ಮೀಟರ್ ಇಟ್ಟುಕೊಂಡು ಹೋದಳು. ಟೀಚರು ಕರೆಂಟು ಹರಿಸುವ ಪೆಟ್ಟಿಗೆಯ ಗುಂಡಿ ಒತ್ತಿ ಕಾರ್ಡು ತರಲು ಪಕ್ಕದ ಕೋಣೆಗೆ ಹೋದದ್ದೇ ತಡ, ತಂತಿಗಳ ಪಿನ್ನಿಗೆ ಮೀಟರಿನ ಎರಡು ಕಡ್ಡಿ ತಾಗಿಸಿದಳು. ಅಂಕಿ ಒಂಬತ್ತು ವೋಲ್ಟಿನವರೆಗೆ ಏರಿತು. ನಿಟ್ಟುಸಿರು ಬಿಟ್ಟಳು. ಅರ್ಧ ನಿಮಿಷವಾಗಿರಬೇಕು, ಆರಕ್ಕೆ ಜಾರಿತು, ಎರಡಕ್ಕೆ, ಆಮೇಲೆ ಸೊನ್ನೆಗೆ. ಶುರುವಿನ ಆ ಏರಿಕೆ ಬರೀ ನಂಬಿಸಲಿಕ್ಕೆ. ಪೆಟ್ಟಿಗೆಯ ಹಸಿರು ದೀಪ ಮಾತ್ರ ಏನೂ ಆಗಿಲ್ಲವೆಂಬಂತೆ ಉರಿಯುತ್ತಿತ್ತು.

ಅವಳ ಮೈಯೆಲ್ಲ ಉರಿಯಿತು. ಡಾಕ್ಟರ ಮುಂದೆಯೇ ಮೀಟರ್ ಹಿಡಿಯುತ್ತೇನೆಂದು ಎದ್ದಳು. ಅಪ್ಪನ ಎಡಗೈ ಅವಳ ಮಣಿಕಟ್ಟು ಹಿಡಿಯಿತು.

"ಗೊತ್ತು," ಅಂದ. ಉಸಿರು ಎಳೆದುಕೊಂಡ. "ಕರೆಂಟ್... ಇಲ್ಲ."

ನಲವತ್ತು ವರ್ಷ ತಂತಿಯೊಡನೆ ಬಾಳಿದ ಮೈ ಅದು. ಯಾವಾಗಿನಿಂದ ಗೊತ್ತು ಎಂದು ಪಿಸುಗುಟ್ಟಿದರೆ ಒಂದು ಬೆರಳು ಎತ್ತಿದ: ಮೊದಲ ದಿನದಿಂದ.

"ಮತ್ಯಾಕಪ್ಪಾ ಬಾಯಿ ಮುಚ್ಕೊಂಡು ಕೂತಿದ್ದೆ?"

ಅವನು ಬಾಗಿಲ ಕಡೆ ಗದ್ದ ಎತ್ತಿ, "ಪಾಠ," ಅಂದ.

ಅಂಗಡಿಯಲ್ಲಿ ಅವನು "ಚಮಚ" ಅನ್ನುವಷ್ಟರಲ್ಲಿ ಅವಳು ಸ್ಕ್ರೂಡ್ರೈವರ್ ಕೈಗಿಟ್ಟು ಮುಗಿಸಿರುತ್ತಿದ್ದಳು. ಗಿರಾಕಿಗಳು ಅವನನ್ನು ದಾಟಿ ಅವಳೊಡನೆ ಮಾತಾಡುತ್ತಿದ್ದರು. ಒಂದು ಶಬ್ದಕ್ಕೆ ಒಂದು ನಿಮಿಷ ಕಾಯುವವಳು ಈ ಟೀಚರೊಬ್ಬಳೇ. ಬೇರೆ ಕಡೆ ಇಂಥ ಪಾಠ ಸಿಗುತ್ತದೆಯೇ ಎಂದು ಮಗಳು ಊರೆಲ್ಲ ವಿಚಾರಿಸಿ ಸೋತಿದ್ದಳು.

ಹೆಜ್ಜೆ ಸಪ್ಪಳವಾಯಿತು. ಮೀಟರ್ ಚೀಲ ಸೇರಿತು.

"ಏನು ಯಜಮಾನ್ರೇ, ಕರೆಂಟ್ ಗೊತ್ತಾಗ್ತಿದೆಯಾ?" ದಿನವೂ ಕೇಳಿದಂತೆ ಕೇಳಿ ಟೀಚರು ಪೆನ್ನು ತೆಗೆದಳು.

ಮಗಳು ನೆಲ ನೋಡಿದಳು.

"ತಲೆಯೆಲ್ಲ ಜುಮ್ ಅಂತಿದೆ ಮೇಡಂ," ಅಂದ ಅಪ್ಪ. ಎಲ್ಲಿಯೂ ತಡವರಿಸಲಿಲ್ಲ.

ಟೀಚರ ಪೆನ್ನು ನಿಂತಿತು. "ಕೇಳಿಸ್ಕೊಂಡ್ರಾ? ಪೂರ್ತಿ ವಾಕ್ಯ."

"ಕೇಳಿಸ್ಕೊಂಡೆ," ಅಂದಳು ಮಗಳು. ಆರು ತಿಂಗಳಲ್ಲಿ ಅವನಾಡಿದ ಮೊದಲ ಪೂರ್ತಿ ವಾಕ್ಯ, ಅದೂ ಅಪ್ಪಟ ಸುಳ್ಳು.

ಟೀಚರು ಖುಷಿಯಿಂದ ಮೊದಲ ಕಾರ್ಡು ಇಟ್ಟಳು. ಚಮಚದ ಚಿತ್ರ. ಅಪ್ಪ ಅದನ್ನು ಬಹಳ ಹೊತ್ತು ದಿಟ್ಟಿಸಿದ.

"ಬೀಗ," ಅಂದ.

ಟೀಚರು ಕಾದಳು. ಹೇಳಿಕೊಡಲು ತೆರೆದ ಬಾಯನ್ನು ಮಗಳು ಮುಚ್ಚಿಕೊಂಡಳು. ನಿಜಕ್ಕೂ ತಪ್ಪಿತೋ, ಪಾಠ ಬೇಗ ಮುಗಿಯದಿರಲೆಂದು ತಪ್ಪಿಸಿದನೋ ಎಂದು ಅವಳು ಅಪ್ಪನ ಮುಖವನ್ನೇ ನೋಡುತ್ತ ಕೂತಳು.