ಎಡಕ್ಕೆ ಅರ್ಧ ವಾಲಿದ ವಿಮಾನ

ಗುರುಪುತ್ರಪ್ಪನ ಕೈಗೆ ವಿಮಾನ ಕೊಟ್ಟರೆ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹಾರಿಸುತ್ತಿದ್ದ, ಅದರಲ್ಲಿ ಎರಡು ಮಾತಿಲ್ಲ. ಅವನ ಬಾಯಿಗೂ ಮನಸ್ಸಿಗೂ ಮಾತ್ರ ಲಗಾಮಿರಲಿಲ್ಲ. ಇಂಥವನ ಹಿಂದಿನ ಸೀಟು ಗನಿಯ ಪಾಲಿಗೆ ಬಂದಿತ್ತು.

ಅದು ೧೯೮೨ರ ಚಳಿಗಾಲ. ವಿಮಾನಗಳನ್ನು ಪರೀಕ್ಷೆಗಾಗಿ ಹಾರಿಸಲು ಪೈಲಟ್ ಮತ್ತು ಎಂಜಿನಿಯರುಗಳಿಗೆ ಕಲಿಸುವ ಶಾಲೆಯೊಂದು ತಿಂಗಳ ಮಟ್ಟಿಗೆ ಬೆಳಗಾವಿಯಲ್ಲಿ ಬೀಡುಬಿಟ್ಟಿತ್ತು. ಪೈಲಟ್ ಹಾರಿಸಬೇಕು, ಎಂಜಿನಿಯರ್ ಅಳೆಯಬೇಕು, ಇಬ್ಬರೂ ಸೇರಿ ಒಂದೇ ವರದಿ ಬರೆಯಬೇಕು. ಪಾಸಾದರೆ ಇಬ್ಬರೂ ಪಾಸು, ಕೆಟ್ಟರೆ ಇಬ್ಬರೂ ಗಂಟುಮೂಟೆ ಕಟ್ಟಬೇಕು. ಎಂಜಿನಿಯರ್ ಗನಿ ಅಲ್ಲಿಯದೇ ಶಹಾಪುರದ ಮಗ್ಗದ ಮನೆಯವನು. ಅವರ ಓಣಿಯಿಂದ ಈ ಕೋರ್ಸಿಗೆ ಬಂದವನು ಅವನೊಬ್ಬನೇ.

ಆ ಗುರುವಾರ ಬೆಳಿಗ್ಗೆ ನೆಟ್ಟಗೆ ಹಾರಿ ವೇಗ ಅಳೆದು ಬರುವುದಷ್ಟೇ ಕೆಲಸ. ಗನಿ ತಲೆ ಬಗ್ಗಿಸಿ ಅಂಕಿ ಬರೆದುಕೊಳ್ಳುತ್ತಿದ್ದ. ಇದ್ದಕ್ಕಿದ್ದಂತೆ ವಿಮಾನ ಬಲಕ್ಕೆ ವಾಲಿತು, ಎಡಕ್ಕೆ ವಾಲಿತು; ಹೀಗೆ ಮೂರು ಸಲ. ಅವನ ಪೆನ್ಸಿಲ್ ಎಲ್ಲೋ ಹಾರಿಹೋಯಿತು.

"ಕೆಳಗ ನಮ್ಮೂರು ಪಾರಿಶ್ವಾಡ ಐತಲೇ!" ಎಂದು ಗುರುಪುತ್ರಪ್ಪ ಮುಂದಿನಿಂದ ಕೂಗಿದ.

ಗನಿಯ ಯಂತ್ರ ಓಡುತ್ತಲೇ ಇತ್ತು. ವಿಮಾನ ವಾಲಿಸುವ ಕೋಲನ್ನು ಪೈಲಟ್ ಎಷ್ಟು ತಿರುವಿದ, ವಿಮಾನ ಎಷ್ಟು ವಾಲಿತು, ಎಲ್ಲವನ್ನೂ ಅದು ಕಾಗದದ ಸುರುಳಿಯ ಮೇಲೆ ಗೆರೆ ಎಳೆದು ಇಡುತ್ತದೆ. ಕೆಳಗಿಳಿದ ಮೇಲೆ ಗುರುಪುತ್ರಪ್ಪನ ಮೋರೆ ಸಣ್ಣಗಾಯಿತು.

"ದೋಸ್ತ, ಆ ಒಂದು ಗೇಣು ಕಾಗದ ಕತ್ತರಿಸಿಬಿಡೋ. ಸತ್ಯಪ್ಪ ಸರ್ ನೋಡಿದ್ರ ನಮ್ಮ ಕಥಿ ಮುಗೀತು."

ಸತ್ಯಪ್ಪ ಸರ್ ಅಂದರೆ ಅವರ ಮೇಷ್ಟ್ರು. ಹೇಳದೆ ಕೇಳದೆ ಆಟವಾಡಿದವರನ್ನು ಹಿಂದೆ ಸಂಜೆಯ ರೈಲಿಗೇ ಹತ್ತಿಸಿದ್ದರು. ಗನಿ ಬೈದ, ಗೊಣಗಿದ, ಕೊನೆಗೆ ಕತ್ತರಿಸಿದ. ತುಂಡನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಸುರುಳಿಯ ಎರಡು ತುದಿಗಳನ್ನು ಗೋಂದು ಹಚ್ಚಿ ಕೂಡಿಸಿದ. ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು.

ಮಧ್ಯಾಹ್ನ ರಜೆ. ಖಾನಾಪುರದಲ್ಲಿ ಬಸ್ಸು ಬದಲಿಸಿ ಇಬ್ಬರೂ ಪಾರಿಶ್ವಾಡಕ್ಕೆ ಊಟಕ್ಕೆ ಹೋದರು. ಗುರುಪುತ್ರಪ್ಪನ ಅಕ್ಕ ಬಾಳವ್ವ ಗನಿಯ ತಾಟಿಗೆ ರೊಟ್ಟಿ ಹಾಕಿದಳು, ತಮ್ಮನ ತಾಟನ್ನು ಖಾಲಿ ಬಿಟ್ಟಳು.

"ನೀ ಉಣ್ಣು ತಮ್ಮಾ. ಅವಂಗ ನಾ ನೀಡೂದಿಲ್ಲ."

"ಯಾಕ ಅಕ್ಕಾ?" ಎಂದ ಗನಿ.

"ಪತ್ರಾ ಬರದಿದ್ದ. ಬಲಕ್ಕ ವಾಲಿದ್ದು ಅವ್ವಗ, ಎಡಕ್ಕ ವಾಲಿದ್ದು ಅಕ್ಕಗ ಅಂತ. ಬೆಳಿಗ್ಗಿಂದ ಮಾಳಿಗಿ ಮ್ಯಾಲ ನಿಂತು ಕುತಗಿ ನೋಯಿಸಿಕೊಂಡೀನಿ. ಅವ್ವಗ ಮೂರೂ ಸಲ ಪೂರಾ ಬಗ್ಗಿದ. ನನ್ನ ಪಾಳಿ ಬಂದಾಗೊಮ್ಮೆ ಅರ್ಧಕ್ಕ ಎದ್ದ! ನಾ ಏನ್ ಮಲತಾಯಿ ಮಗಳೇನು?"

"ಬಸವಣ್ಣನಾಣಿ ಅಕ್ಕಾ, ಎರಡೂ ಕಡಿ ಸಮಾ ತಿರುವೀನಿ!"

"ನನ್ನ ಕಣ್ಣು ಸುಳ್ಳ ಹೇಳ್ತಾವೇನು?"

ಗನಿಯ ತುತ್ತು ಕೈಯಲ್ಲೇ ಉಳಿಯಿತು. ಎಡಗೈಯಿಂದ ಜೇಬಿನ ತುಂಡು ತೆಗೆದು ನೆಲದ ಮೇಲೆ ಹರವಿದ. ಕೋಲಿನ ಗೆರೆ ಎರಡೂ ಕಡೆಗೆ ಸಮನಾಗಿತ್ತು. ವಿಮಾನದ ಗೆರೆ ಬಲಕ್ಕೆ ಪೂರ್ತಿ, ಎಡಕ್ಕೆ ಅರ್ಧ. ಮೂರು ಸಲವೂ ಹಾಗೇ.

"ಅಕ್ಕ ಹೇಳೂದು ಖರೇ ಐತಿ," ಎಂದ. "ಎಡಗಡೆ ಏನೋ ಬಿಗಿ ಹಿಡದೈತಿ."

ಮರುದಿನ ನಸುಕಿಗೆ ಅದೇ ವಿಮಾನದಲ್ಲಿ ಬೇರೆ ಇಬ್ಬರು ಗಿರಕಿಯ ಪರೀಕ್ಷೆಗೆ ಹೋಗುವವರಿದ್ದರು. ಬೇಕಂತಲೇ ವಿಮಾನವನ್ನು ಗಿರಗಿರನೆ ಬೀಳಿಸಿ ಮತ್ತೆ ಎತ್ತುವ ಆಟ ಅದು. ಎಡಕ್ಕೆ ಮಾತು ಕೇಳದ ವಿಮಾನ ಅಲ್ಲಿ ಮೇಲೇಳುವುದಿಲ್ಲ.

ಗುರುಪುತ್ರಪ್ಪ ತಾಟು ಬಿಟ್ಟು ಎದ್ದ. "ಆ ತುಂಡು ವಾಪಸ್ ಅಂಟಸು ಗನಿ. ನಮ್ಮ ಕೋರ್ಸ್ ಹೋದ್ರ ಹೋಗ್ಲಿ. ನಡಿ, ಬಸ್ಸಿಗೆ ಓಡೂಣು." ಆ ಕ್ಷಣದಲ್ಲಿ ಗನಿಗೆ ತನ್ನ ಪೈಲಟ್ ಮೇಲೆ ಬಂದಷ್ಟು ಪ್ರೀತಿ ಇಡೀ ವರ್ಷದಲ್ಲಿ ಬಂದಿರಲಿಲ್ಲ.

ಇಬ್ಬರೂ ಸುರುಳಿ ಒಪ್ಪಿಸಿದ ಮೇಲೆ ಸಂಜೆ ಎಡ ರೆಕ್ಕೆಯ ಮುಚ್ಚಳ ಬಿಚ್ಚಿ ನೋಡಿದರು. ಯಾವಾಗಲೋ ಉದುರಿದ ಬೋಲ್ಟೊಂದು ಕೋಲಿನಿಂದ ರೆಕ್ಕೆಗೆ ಹೋಗುವ ತಂತಿಯ ಗಾಲಿಗೆ ಸಿಕ್ಕಿಕೊಂಡಿತ್ತು.

ಸತ್ಯಪ್ಪ ಸರ್ ವರದಿ ಹಿಡಿದು ಕೂತರು. ಎದುರಿಗೆ ಇಬ್ಬರೂ ನಿಂತಿದ್ದರು.

"ಆಟ ಆಡಿ ಕಾಗದ ಕತ್ತರಿಸಿದ್ದಕ್ಕ ಎರಡು ವಾರ ಹಾರಾಟ ಬಂದ್. ನೀವಾಗೇ ತಂದು ಕೊಟ್ಟಿದ್ದಕ್ಕ ಕೋರ್ಸಿನಾಗ ಇರ್ರಿ." ಸರ್ ಮುಂದೆ ಓದಿದರು. "ನೆಲದಿಂದ ನೋಡಿದವರು, ಬಾಳವ್ವ, ಪಾರಿಶ್ವಾಡ. ಯಾರಿವರು?"

"ಇವನ ಅಕ್ಕಾರ್ರೀ ಸರ್, ಮಾಳಿಗಿ ಮ್ಯಾಲ ನಿಂತಿದ್ರು. ಬಲಕ್ಕ ವಾಲಿದ್ದು ಅವ್ವಗ, ಎಡಕ್ಕ ವಾಲಿದ್ದು ಅಕ್ಕಗ; ತಮ್ಮ ಪಾಳಿ ಅರ್ಧಾ ಆತಂತ ಸಿಟ್ಟಾಗಿ ಇವಂಗ ಊಟಾನೂ ನೀಡಲಿಲ್ರಿ," ಎಂದ ಗನಿ.

ಸರ್ ಗುರುಪುತ್ರಪ್ಪನತ್ತ ತಿರುಗಿದರು. "ಮಾಳಿಗಿ ಮ್ಯಾಲ ನಿಂತ ಹೆಣ್ಣಮಗಳಿಗೆ ಕಂಡಿದ್ದು ಕೋಲು ಹಿಡಿದ ನಿನಗ ಹೆಂಗ ಗೊತ್ತಾಗಲಿಲ್ಲೋ?"

"ನಾ ಬಲಕ್ಕ ವಾಲಿದಾಗ ಅಷ್ಟ ಕೆಳಗ ನೋಡೀನ್ರಿ ಸರ್. ಎಡಕ್ಕ ವಾಲಿದಾಗ ನೋಡಲೇ ಇಲ್ಲ."

"ಹಂಗಾರ ನಿಮ್ಮಕ್ಕ ಸಿಟ್ಟಾಗಿದ್ದು ಬರೋಬ್ಬರಿ ಐತಿ," ಎಂದು ಸತ್ಯಪ್ಪ ಸರ್ ವರದಿಗೆ ಸಹಿ ಹಾಕಿದರು.