ಲುವೀನಿಯಾ ಅಕ್ಕ ಓಗೊಟ್ಟ ದಿನ

ಲುವೀನಿಯಾ ಬ್ಯಾಸ್ಕಿನ್ ಜಿಲ್ಲಾ ಕಚೇರಿಯ ಅಮೃತಶಿಲೆಯ ನೆಲದ ಮೇಲೂ ಕೆಸರು ದಾಟುವವರಂತೆ ಮೊಣಕಾಲೆತ್ತಿ ನಡೆಯುತ್ತಿದ್ದರು. ಮೂವತ್ತು ವರ್ಷ ನಮ್ಮ ಗಮ್‌ಬ್ರಾಂಚ್ ಕೇರಿಯ ಡಾಂಬರು ಕಾಣದ ದಾರಿಗಳಲ್ಲಿ ಸೂಲಗಿತ್ತಿಯಾಗಿ ಓಡಾಡಿದ ಕಾಲುಗಳವು. ಮೈಮೇಲೆ ತೀರಿಕೊಂಡ ಗಂಡನ ರೈಲ್ವೆ ಕೋಟು, ತೋಳಿಗೆ ಎರಡು ಮಡಿಕೆ. ಕರಿಯರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಲು ಮನೆಮನೆ ಅಲೆದದ್ದೂ ಅದೇ ಕೋಟಿನಲ್ಲಿ. ಸಾವಿರದ ಒಂಬೈನೂರ ಎಪ್ಪತ್ತನಾಲ್ಕರ ಚುನಾವಣೆಯಲ್ಲಿ ಗೆದ್ದು, ದಕ್ಷಿಣ ಕೆರೊಲಿನಾದ ನಮ್ಮ ಜಿಲ್ಲಾ ಮಂಡಳಿಯ ಐದು ಕುರ್ಚಿಗಳಲ್ಲೊಂದರಲ್ಲಿ ಮೊತ್ತಮೊದಲ ಕರಿಯ ಹೆಂಗಸಾಗಿ ಕುಳಿತದ್ದೂ ಅದೇ ಕೋಟಿನಲ್ಲಿ. ಪಕ್ಕದ ಮನೆಯ ಮೇಷ್ಟ್ರಮ್ಮನಾದ ನಾನು ಹೊಸದೊಂದು ಹೊಲಿಸೋಣವೆಂದರೆ, "ಇದರ ಜೇಬು ದೊಡ್ಡದು ಕಣೇ" ಎಂದು ಬಾಯಿ ಮುಚ್ಚಿಸಿದರು.

ಅವರ ಹಟ ಒಂದೇ. ಮೊಮ್ಮಕ್ಕಳನ್ನು ಕಂಡ ಮುದುಕಿಯರಾದರೂ ಸರಿ, ನಮ್ಮ ಹೆಂಗಸರನ್ನು ಬಿಳಿಯರು 'ಶ್ರೀಮತಿ' ಎನ್ನದೆ ಬರೀ ಹೆಸರು ಹಿಡಿದು ಕೂಗುವುದು ರೂಢಿ. 'ಶ್ರೀಮತಿ ಬ್ಯಾಸ್ಕಿನ್' ಎನ್ನದವರಿಗೆ ಅಕ್ಕ ಕಿವುಡಿ. ಅಧ್ಯಕ್ಷ ಹೋಯ್ಟ್ ಪಿಟ್‌ಮನ್, ಎಂಥ ಮೊಂಡನಪ್ಪಾ ಆತ, ಪ್ರತಿ ಸಭೆಯಲ್ಲೂ "ಲುವೀನಿಯಾ, ನಿನ್ನ ಮತ?" ಎಂದೇ ಕೇಳುವನು, ಅಕ್ಕ ಕಿಟಕಿಯಾಚೆ ನೋಡುವರು, ಗುಮಾಸ್ತ 'ಗೈರುಹಾಜರಿ' ಎಂದು ಬರೆದುಕೊಳ್ಳುವನು. ಸಣ್ಣಪುಟ್ಟ ಠರಾವುಗಳ ಮೇಲೆ ಹದಿನಾಲ್ಕು ತಿಂಗಳು ಹೀಗೇ ಸಾಗಿತು. ಸಭೆ ನೋಡಲು ಹಿಂದಿನ ಬೆಂಚಿನಲ್ಲಿ ಕೂರುವ ನಮಗಂತೂ ಅದನ್ನು ನೋಡುವುದೇ ಒಂದು ಹಬ್ಬ.

ಆಮೇಲೆ ನೀರಿನ ವಿಷಯ ಬಂತು. ಕೇರಿಯ ಬಾವಿಗಳು ಕೆಟ್ಟಿದ್ದವು. ಅಕ್ಕ ತಾವೇ ಹೆರಿಗೆ ಮಾಡಿಸಿ ಕೈಯಾರೆ ಎತ್ತಿಕೊಂಡಿದ್ದ ಮೂರು ಕೂಸುಗಳು ಆ ಬೇಸಿಗೆಯಲ್ಲೇ ಭೇದಿಗೆ ಬಲಿಯಾಗಿದ್ದವು. ಪಟ್ಟಣದ ನೀರಿನ ಕೊಳವೆಯನ್ನು ಕೇರಿಯವರೆಗೆ ತರುವ ಠರಾವು ಮತಕ್ಕೆ ಬಂದ ಸಭೆಯೇ ಅದಕ್ಕೆ ಕೊನೆಯ ಅವಕಾಶ. ಪರ ಎರಡು, ಅಧ್ಯಕ್ಷನದೂ ಸೇರಿ ವಿರೋಧ ಎರಡು, ಸಮವಾಗಿ ನಿಂತರೆ ಠರಾವು ಬಿದ್ದಂತೆ. ಪಿಟ್‌ಮನ್ ಬೇಕೆಂದೇ ಕನ್ನಡಕ ತೆಗೆದು ಒರೆಸುತ್ತಾ, "ಏನೇ ಲುವೀನಿಯಾ, ಏನಂತೀಯ?" ಎಂದ.

ಅಕ್ಕ ಎಂದಿನಂತೆ ಕಿಟಕಿಯತ್ತ ತಿರುಗಿದರು. ಪಕ್ಕದಲ್ಲಿ, ಕೂಸು ಕಳೆದುಕೊಂಡಿದ್ದ ರೊಸೆಟ್ಟಾ ನನ್ನ ಕೈಯನ್ನು ಉಗುರು ನಾಟುವಂತೆ ಹಿಡಿದಿದ್ದಳು.

"ಲುವೀನಿಯಾ! ಗೈರು ಅಂತ ಬರೆಸ್ಲಾ?"

"ಇಲ್ಲೇ ಇದೀನಿ," ಎಂದರು ಅಕ್ಕ. "ನನ್ನ ಮತ ಪರ."

"ಅಬ್ಬಬ್ಬಾ, ಅಂತೂ ಬಾಯಿ ಬಂತಲ್ಲ!" ಎಂದು ಆತ ನಕ್ಕ, ಅವನ ಕಡೆಯವರೂ ನಕ್ಕರು.

ಹೊರಗೆ ಮೊಗಸಾಲೆಯಲ್ಲಿ ನಾನು ಸಿಟ್ಟಿಗೆ ಅತ್ತುಬಿಟ್ಟೆ. "ಆ ಮುಠ್ಠಾಳನ ಮುಂದೆ ಸೋತ್ಬಿಟ್ರಲ್ಲಕ್ಕಾ!"

"ಥೂ, ಮೂಗು ಒರೆಸ್ಕೊ ಮೊದ್ಲು," ಎಂದರು. "ನನ್ನ ಮರ್ಯಾದೆಗೆ ನಾಳೆನೂ ಜಗಳ ಆಡ್ಬೋದು. ಆ ಬಾವಿ ನೀರು ಕುಡಿಯೋ ಕೂಸಿಗೆ ನಾಳೆ ಅನ್ನೋದಿದ್ಯಾ?"

ಮುಂದಿನ ಸಭೆಯಲ್ಲಿ ಆತ ಗೆಲುವಿನಿಂದ ಮತ್ತೆ ಹೆಸರು ಹಿಡಿದು ಕೂಗಿದ. ಅಕ್ಕ ಮತ್ತೆ ಕಿವುಡಿ.

ಯಾರೂ ತುಳಿಯದ ಹೊಸ್ತಿಲನ್ನು ಮೊದಲು ದಾಟಿದವರ ಕುರಿತು ಮಾತಾಡುವಾಗ ಲೋಕ ಅವರು ಎಂದೂ ತಲೆಬಾಗಲಿಲ್ಲವೆಂದು ಕೊಂಡಾಡುತ್ತದೆ. ಸುಳ್ಳು. ಅಂಥವರು ಬಾಗುತ್ತಾರೆ, ಯಾವ ಮಕ್ಕಳಿಗಾಗಿ ಬಾಗಿದರೋ ಆ ಮಕ್ಕಳಿಗೆ ಅದನ್ನು ಎಂದೂ ಹೇಳುವುದಿಲ್ಲ, ಅಷ್ಟೆ.